ಬಾಕಿ ಉಳಿದ 49 ದಿನ

ಉಮ್ರಾಕ್ಕೆ ಟಿಕೆಟ್ ಆದ ಮರುದಿನವೇ ಉಮ್ಮ ಪಟ್ಟಿ ಮಾಡಲು ಕೂತರು. ಅವರು ಹೇಳುವುದು, ನಾನು ಬರೆಯುವುದು. ಯಾರ ಯಾರ ಹತ್ತಿರ ಪೊರುತ್ತ ಕೇಳಬೇಕು ಎಂಬ ಪಟ್ಟಿ. ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಜ್ಜಿಗೋ ಉಮ್ರಾಕ್ಕೋ ಹೊರಡುವ ಮೊದಲು ಮನೆಮನೆಗೆ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಏನಾದರೂ ತಪ್ಪಾಗಿದ್ದರೆ ಪೊರುತ್ತ ತನ್ನಿ ಎಂದು ಕೇಳಿ ಬರುವುದು ನಮ್ಮಲ್ಲಿ ಮೊದಲಿನಿಂದಲೂ ಉಂಟು. ಅಲ್ಲಾಹನ ಹಕ್ಕನ್ನು ಅಲ್ಲಾಹು ಕ್ಷಮಿಸಿಯಾನು, ಮನುಷ್ಯರ ಹಕ್ಕನ್ನು ಆ ಮನುಷ್ಯರೇ ಬಿಟ್ಟುಕೊಡಬೇಕು ಎಂದು ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟದ್ದು ಎಲ್ಲರಿಗೂ ನೆನಪಿರಬಹುದು. ಈಗ ಹೆಚ್ಚಿನವರು ವಾಟ್ಸಾಪ್ ಸ್ಟೇಟಸ್ ಹಾಕಿ ಮುಗಿಸುತ್ತಾರೆ. ಉಮ್ಮನಿಗೆ ಅದು ಆಗುವುದಿಲ್ಲ. ಮುಖ ನೋಡಿ ಕೇಳಬೇಕು.

ಪಟ್ಟಿಯಲ್ಲಿ ನೆರೆಕರೆಯವರು ಬಂದರು, ಇಬ್ಬರು ಮೈನಿಯರು ಬಂದರು, ಐದು ರೂಪಾಯಿಗೆ ಜಗಳವಾಡಿದ್ದ ಮೀನಿನ ಹೆಂಗಸೂ ಬಂದಳು. ಹದಿನೆಂಟೋ ಹತ್ತೊಂಬತ್ತೋ ಹೆಸರು ಬರೆದ ಮೇಲೆ ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಗಳೂರಿನ ಆ ಫೋನಿನ ಹೆಂಗಸು" ಅಂದರು.

ನಾನು ಪೆನ್ನು ಕೆಳಗಿಟ್ಟೆ. ಹನ್ನೆರಡು ವರ್ಷಗಳಲ್ಲಿ ನಾವಿಬ್ಬರೂ ಆ ವಿಷಯ ಒಮ್ಮೆಯೂ ಮಾತಾಡಿರಲಿಲ್ಲ. ಉಮ್ಮ ಮರೆತಿದ್ದಾರೆ ಎಂದೇ ನಾನು ಅಂದುಕೊಂಡಿದ್ದೆ.

2007ರ ಜೂನ್‌ನಲ್ಲಿ ಬಿ.ಕಾಂ. ಮುಗಿದ ಕೂಡಲೇ ನಾನು ಮಂಗಳೂರಿನ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದೆ. ಉಪ್ಪಳದಿಂದ ಹೋಗಿ ಬರುವುದು. ಬೆಳಿಗ್ಗೆ ಪ್ಯಾಸೆಂಜರ್ ರೈಲು ಸಿಕ್ಕಿದರೆ ರೈಲು, ತಪ್ಪಿದರೆ ಬಸ್ಸು. ತಲಪಾಡಿ ದಾಟಿದರೆ ಬೇರೆ ರಾಜ್ಯ ಎಂದು ನಮಗೆ ಯಾವತ್ತೂ ಅನಿಸಿದ್ದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಕಾಲೇಜು, ಆಸ್ಪತ್ರೆ, ಮದುವೆ ಜವಳಿ, ಕೆಲಸ ಎಲ್ಲ ಆಚೆಯೇ. ರೇಷನ್ ಕಾರ್ಡು, ವೋಟು ಮಾತ್ರ ಈಚೆ. (2020ರ ಮಾರ್ಚ್‌ನಲ್ಲಿ ಅದೇ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಗಡಿ ಅಂದರೆ ಏನೆಂದು ಗೊತ್ತಾಯಿತು. ನಾನು ಆಗ ಶಾರ್ಜಾದಲ್ಲಿದ್ದೆ. ಅದು ಬೇರೆಯೇ ಬರೆಯಬೇಕಾದ ವಿಷಯ.)

ಆಫೀಸಿನಲ್ಲಿ ನನ್ನ ಮೇಜಿನ ಎದುರು ಕೂರುತ್ತಿದ್ದವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ. ಕಾಲೇಜಿನಲ್ಲಿ ಮೂರು ವರ್ಷ ಕಲಿತದ್ದಕ್ಕಿಂತ ಹೆಚ್ಚು ಅವರ ಎದುರು ಮೂರು ತಿಂಗಳಲ್ಲಿ ಕಲಿತೆ. ಬ್ಯಾಂಕಿನ ಲೆಕ್ಕ ನಮ್ಮ ಲೆಕ್ಕಕ್ಕೆ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು, ಸರಿಯಾಗಿ ಭಾಗವಾದರೆ ಯಾವುದೋ ಎರಡು ಅಂಕಿ ಅದಲುಬದಲಾಗಿದೆ ಎಂದು ಹೇಳಿಕೊಟ್ಟವರು ಅವರು. ರಂಝಾನಿನಲ್ಲಿ ಇಫ್ತಾರಿಗೆ ಮನೆ ಮುಟ್ಟಲಿ ಎಂದು ನಾಲ್ಕೂವರೆಗೇ, "ಹೋಗು ಮಾರಾಯ, ಉಳಿದದ್ದು ನಾನು ನೋಡ್ತೇನೆ" ಅನ್ನುತ್ತಿದ್ದರು.

ಸಂಬಳ ನಿಧಾನಕ್ಕೆ ಏರಿ 2013ಕ್ಕೆ 11,500 ಆಗಿತ್ತು. ಆ ಹೊತ್ತಿಗೆ ತಂಗಿಯ ಮದುವೆ ಆಗಿತ್ತು. ಮದುವೆ ಆಗಿತ್ತು ಎಂದರೆ ಸಾಲ ಆಗಿತ್ತು ಎಂದೇ ಅರ್ಥ. ಉಮ್ಮನ ಚಿನ್ನ ಸಹಕಾರಿ ಬ್ಯಾಂಕಿನಲ್ಲಿತ್ತು. ಉಪ್ಪ ಹೋಗಿ ಎರಡು ವರ್ಷವಾಗಿತ್ತು. ಸಂಬಂಧದಲ್ಲಿ ಒಬ್ಬರು ಶಾರ್ಜಾದಲ್ಲಿ ಒಂದು ಕೆಲಸ ನೋಡಿದರು: ತಿಂಗಳಿಗೆ 2,800 ದಿರ್ಹಂ, ಇರಲು ರೂಮು ಬೇರೆ. ಆಗಿನ ಲೆಕ್ಕದಲ್ಲಿ ಅದು ನನ್ನ ಸಂಬಳದ ಮೂರೂವರೆ ಪಟ್ಟು. ಯೋಚಿಸಲು ಏನಿತ್ತು?

ನೇಮಕಾತಿ ಪತ್ರದಲ್ಲಿ ಮೂರು ತಿಂಗಳ ನೋಟಿಸ್ ಎಂದು ಇತ್ತು. 2013ರ ಫೆಬ್ರವರಿ 1ರಂದು ರಾಜೀನಾಮೆ ಕೊಟ್ಟೆ. 90 ದಿನ ಎಂದರೆ ಮೇ ಮೊದಲ ವಾರ. ಮ್ಯಾನೇಜರ್ ಮುಖ ಸಿಂಡರಿಸಿದರೂ ಸಹಿ ಹಾಕಿದರು. ಅಕ್ಕನಿಗೆ ಬೇಜಾರಾಯಿತು, ಖುಷಿಯೂ ಆಯಿತು. ಕೊನೆಗೆ ಒಂದು ಮಾತು ಹೇಳಿದರು: "ಏಪ್ರಿಲ್ ಕೊನೆವರೆಗೆ ನೀನು ಇರ್ತಿ ಅಲ್ವಾ, ಹಾಗಾದ್ರೆ ಮಾರ್ಚ್‌ನಲ್ಲಿ ನಾನು ರಜೆ ಹಾಕಬಹುದು." ಅವರ ಮಗಳಿಗೆ ಆ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ. ಹುಡುಗಿಗೆ ಪರೀಕ್ಷೆ ಎಂದರೆ ಹೆದರಿಕೆ, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ತಾಯಿ ಜತೆಗಿರಬೇಕಿತ್ತು. ಆರು ವರ್ಷದಲ್ಲಿ ಅವರು ಮಾರ್ಚ್ ತಿಂಗಳಲ್ಲಿ ರಜೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ಲೆಕ್ಕಪತ್ರದವರಿಗೆ ಮಾರ್ಚ್ ಎಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು.

"ನಾನಿದ್ದೇನೆ ಅಕ್ಕ" ಅಂದೆ.

ಮಾರ್ಚ್ ಮೊದಲ ವಾರ ವೀಸಾದ ಪ್ರತಿ ಬಂತು. ಅದರ ಹಿಂದೆಯೇ ಸಂಬಂಧದವರ ಫೋನು. ಬೇಗ ಬರಬೇಕು, ಹದಿನೈದರೊಳಗೆ ಬಂದರೆ ಒಳ್ಳೆಯದು, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ನೋಡಿದರೂ ನೋಡಿಯಾರು. ವೀಸಾದ ಕಾಗದದಲ್ಲಿ ಹೊರಡಿಸಿದ ದಿನದಿಂದ 60 ದಿನದೊಳಗೆ ದೇಶ ಪ್ರವೇಶಿಸಬೇಕು ಎಂದು ಅಚ್ಚಾಗಿತ್ತು. ನಾನು ಲೆಕ್ಕದವನು, ತಾರೀಕು ಓದಲು ಬಾರದವನಲ್ಲ. 60 ದಿನ ಎಂದರೆ ಮೇ ಆರಂಭದವರೆಗೆ ಸಮಯವಿತ್ತು. ಏಪ್ರಿಲ್ ಕೊನೆಗೆ ಬರುತ್ತೇನೆ, ಮಾರ್ಚ್ ಮುಗಿಸಿ ಕೊಡಬೇಕು ಎಂದು ಶಾರ್ಜಾದ ಆಫೀಸಿಗೆ ನಾನೇ ಒಂದು ಮೇಲ್ ಹಾಕಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಕೆಲಸ ಕೈತಪ್ಪೀತು ಎಂಬ ಹೆದರಿಕೆ. ಇಲ್ಲಿ ಮ್ಯಾನೇಜರ ಹತ್ತಿರ, ಬೇಗ ಬಿಡುತ್ತೀರಾ, ಉಳಿದ ದಿನದ ಸಂಬಳ ಹಿಡಿದುಕೊಳ್ಳಿ ಎಂದೂ ಕೇಳಬಹುದಿತ್ತು. ಅದನ್ನೂ ಕೇಳಲಿಲ್ಲ. ಮಾರ್ಚ್‌ನಲ್ಲಿ ಬಿಡುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಇಷ್ಟು ವರ್ಷ "ವೀಸಾ ಅರ್ಜೆಂಟ್ ಇತ್ತು" ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಅರ್ಜೆಂಟ್ ಇದ್ದದ್ದು ನನಗೆ.

ಮಾರ್ಚ್ 13, ಬುಧವಾರ. ಎಂದಿನಂತೆ ಕೆಲಸ ಮಾಡಿದೆ. ಸಂಜೆ ಎಲ್ಲರೂ ಹೋದ ಮೇಲೆ ಡ್ರಾಯರಿನ ಕೀಲಿ, ಗುರುತಿನ ಚೀಟಿ ಒಂದು ಕವರಿಗೆ ಹಾಕಿ ಡ್ರಾಯರಿನೊಳಗೇ ಇಟ್ಟು ಬಂದೆ. ಡ್ರಾಯರಿನ ಕೀಲಿಯನ್ನು ಆ ಡ್ರಾಯರಿನೊಳಗೇ ಇಡುವ ಬುದ್ಧಿ ನೋಡಿ. ಗುರುವಾರ ಹೋಗಲಿಲ್ಲ.

ಮೊಬೈಲು ಆಫ್ ಮಾಡಿದ್ದೆ. ಆಗ ಮನೆಯಲ್ಲಿ ಬಿಎಸ್‌ಎನ್‌ಎಲ್‌ನ ಫೋನ್ ಇನ್ನೂ ಇತ್ತು, ಆಫೀಸಿನ ದಾಖಲೆಯಲ್ಲಿ ಅದರ ನಂಬರೂ ಇತ್ತು. ಗುರುವಾರ ಲುಹರ್ ಬಾಂಕ್ ಆದ ಹೊತ್ತಿಗೆ ಅದು ರಿಂಗಾಯಿತು. ನಾನು ಚಾವಡಿಯಲ್ಲಿ ಪೆಟ್ಟಿಗೆಗೆ ಉಪ್ಪಿನಕಾಯಿ ಡಬ್ಬಿ ತುಂಬಿಸುತ್ತಿದ್ದೆ. ಉಮ್ಮ ಎತ್ತಿಕೊಂಡರು. ಅಕ್ಕನ ಧ್ವನಿ ನನಗೆ ಅಲ್ಲಿವರೆಗೆ ಕೇಳುತ್ತಿತ್ತು. ಇಲ್ಲ ಎಂದು ಹೇಳಿ ಎಂದು ಕೈಸನ್ನೆ ಮಾಡಿದೆ. ಉಮ್ಮ ನನ್ನನ್ನೇ ನೋಡುತ್ತಾ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ, "ಅವನಿಗೆ ಜ್ವರ ಅಕ್ಕ. ಮಲಗಿದ್ದಾನೆ" ಅಂದರು. ಆಚೆಯಿಂದ ಏನೋ ಹೇಳಿದರು. ಉಮ್ಮ, "ಹೂಂ, ಡಾಕ್ಟರ ಹತ್ತಿರ ಹೋಗ್ತೇವೆ" ಎಂದು ಹೇಳಿ ಇಟ್ಟರು. ನಂತರ ವುಝು ಮಾಡಿ ನಮಾಝಿಗೆ ನಿಂತರು. ನನ್ನ ಹತ್ತಿರ ಏನೂ ಹೇಳಲಿಲ್ಲ.

ಶುಕ್ರವಾರ ಜುಮಾ ಮುಗಿಸಿ ಬಜ್ಪೆಗೆ ಹೊರಟೆ. ದಾರಿ ಮಂಗಳೂರಿನ ಮೂಲಕವೇ ತಾನೆ. ಆಫೀಸಿನ ರಸ್ತೆ ಬರುವಾಗ ಜೀಪಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಶಾರ್ಜಾದಲ್ಲಿ ಇಳಿದಾಗ ಅಲ್ಲಿ ಯಾರಿಗೂ ಅವಸರ ಇರಲಿಲ್ಲ. ನನಗೆ ಕೆಲಸ ವಹಿಸಬೇಕಿದ್ದ ಮನುಷ್ಯ ರಜೆಯಲ್ಲಿ ಊರಿಗೆ ಹೋಗಿದ್ದ. ಮೆಡಿಕಲ್, ಐಡಿ, ಸ್ಟಾಂಪಿಂಗ್ ಎಂದು ಮೂರು ವಾರ ರೂಮಿನಲ್ಲಿ ಕೂತೆ. ಮೊದಲ ಲೆಡ್ಜರ್ ಮುಟ್ಟಿದ್ದು ಏಪ್ರಿಲ್ ಎರಡನೇ ವಾರ. ಆ ಮೂರು ವಾರ ನಾನು ಏನು ಮಾಡಿದೆ ಗೊತ್ತುಂಟಾ? ರೂಮಿನ ಗೋಡೆ ನೋಡುತ್ತಾ, ಮಂಗಳೂರಿನಲ್ಲಿ ಇವತ್ತು ಏನು ನಡೆಯುತ್ತಿರಬಹುದು ಎಂದು ದಿನ ಲೆಕ್ಕ ಹಾಕಿದೆ. ಇಪ್ಪತ್ತಕ್ಕೆ ಫೆಬ್ರವರಿಯ ವ್ಯಾಟ್ ರಿಟರ್ನ್. ಮೂವತ್ತೊಂದಕ್ಕೆ ಸ್ಟಾಕ್ ಲೆಕ್ಕ. ವ್ಯಾಟ್ ರಿಟರ್ನ್ ಹಾಕುತ್ತಿದ್ದದ್ದು ನಾನು, ಅದರ ಪಾಸ್‌ವರ್ಡ್ ನನ್ನ ತಲೆಯಲ್ಲಿ ಬಿಟ್ಟು ಬೇರೆ ಎಲ್ಲಿಯೂ ಇರಲಿಲ್ಲ. ಇಪ್ಪತ್ತರ ರಾತ್ರಿ ಫೋನ್ ಕಾರ್ಡ್ ಕೊಂಡುಕೊಂಡೆ. ಅಕ್ಕನ ನಂಬರ್ ಬಾಯಿಪಾಠ ಇತ್ತು. ಒತ್ತಲಿಲ್ಲ.

ಇನ್ನೊಂದು ವಿಷಯ ಎರಡು ವರ್ಷದ ನಂತರ ರಜೆಯಲ್ಲಿ ಬಂದಾಗ ಗೊತ್ತಾಯಿತು. ನಮ್ಮ ಹತ್ತಿರದ ಮನೆಯ ಹುಡುಗ, ನನಗಿಂತ ಚೆನ್ನಾಗಿ ಕಲಿತವನು, ಅದೇ ಕಂಪನಿಗೆ ಅರ್ಜಿ ಹಾಕಿದ್ದನಂತೆ. ಊರು ಯಾವುದು ಎಂದು ಕೇಳಿದರಂತೆ. ಉಪ್ಪಳ ಅಂದನಂತೆ. "ನಿಮ್ಮವರಿಗೆ ಗಲ್ಫ್ ವೀಸಾ ಬಂದರೆ ನಾಳೆ ಇರುವುದಿಲ್ಲ" ಎಂದು ನಗುತ್ತಾ ಹೇಳಿ ಕಳುಹಿಸಿದರಂತೆ. ಹಾಗೆ ಹೇಳುವುದು ತಪ್ಪು, ಒಬ್ಬ ಮಾಡಿದ್ದಕ್ಕೆ ಇನ್ನೊಬ್ಬನಿಗೆ ಬಾಗಿಲು ಮುಚ್ಚುವುದು ಅನ್ಯಾಯ, ನಮ್ಮ ಸಮುದಾಯದ ಮೇಲೆ ಇಂಥ ಮಾತು ಎಷ್ಟು ಸುಲಭವಾಗಿ ಬರುತ್ತದೆ ಎಂದು ನಾನೂ ದೊಡ್ಡ ಭಾಷಣ ಮಾಡಬಲ್ಲೆ. ಆದರೆ ಆ ಮಾತು ಹೇಳಲು ಅವರ ಕೈಗೆ ಆಧಾರ ಕೊಟ್ಟವನು ನಾನು. ಆ ಹುಡುಗ ಈಗ ಖತರ್‌ನಲ್ಲಿ ಚೆನ್ನಾಗಿದ್ದಾನೆ. ಅವನಿಗೂ ನಾನು ಇದನ್ನು ಹೇಳಿದ್ದು ಮೊನ್ನೆ ಉಮ್ರಾಕ್ಕೆ ಮೊದಲೇ. "ಅದೆಲ್ಲ ಬಿಡಿ ಕಾಕ" ಎಂದು ನಕ್ಕ.

ಹಣದ ಲೆಕ್ಕವನ್ನೂ ಬರೆದುಬಿಡುತ್ತೇನೆ. ನಮ್ಮ ಹುಡುಗರು, ಈಗ ಹುಡುಗಿಯರೂ, ಇಂಥ ಕಡೆ ಹೆದರಿಯೇ ತಪ್ಪು ಮಾಡುತ್ತಾರೆ. ನಾನು ನೋಟಿಸ್ ಮುಗಿಸದೆ ಓಡಿದ್ದರಿಂದ ನನಗೆ ಇನ್ನು ಏನೂ ಸಿಗುವುದಿಲ್ಲ ಎಂದು ನಂಬಿದ್ದೆ. ಹಾಗಿರಲಿಲ್ಲ. 49 ದಿನ ಬಾಕಿ. 11,500 ರೂಪಾಯಿ ಸಂಬಳಕ್ಕೆ ಅದು 18,783 ರೂಪಾಯಿ. ಅಷ್ಟು ನಾನು ಕಂಪನಿಗೆ ಕೊಡಬೇಕಿತ್ತು. ಆದರೆ ಮಾರ್ಚ್‌ನ 13 ದಿನದ ಸಂಬಳ 4,983 ಕಂಪನಿಯ ಹತ್ತಿರವೇ ಉಳಿದಿತ್ತು. 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಐದು ವರ್ಷ ತುಂಬಿದವನಿಗೆ ವರ್ಷಕ್ಕೆ 15 ದಿನದ ಲೆಕ್ಕದಲ್ಲಿ, ತಿಂಗಳನ್ನು 26 ದಿನ ಎಂದು ಹಿಡಿದು, ಆಗ ಗ್ರಾಚ್ಯುಟಿ ಇತ್ತು. ಆರು ತಿಂಗಳು ಮೀರಿದರೆ ಅದನ್ನು ಪೂರ್ತಿ ವರ್ಷವೆಂದೇ ಎಣಿಸುತ್ತಾರೆ. ನನ್ನದು ಐದು ವರ್ಷ ಒಂಬತ್ತು ತಿಂಗಳು, ಅಂದರೆ ಆರು. ಮೂಲ ವೇತನ 7,000ಕ್ಕೆ ಅದು 24,231 ರೂಪಾಯಿ. ನೋಟಿಸ್ ಪೂರ್ತಿ ಮಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಗ್ರಾಚ್ಯುಟಿ ಮುಟ್ಟುಗೋಲು ಹಾಕಲು ಆ ಕಾಯ್ದೆಯಲ್ಲಿ ಅವಕಾಶವಿರಲಿಲ್ಲ. ಕಂಪನಿಯ ಸೊತ್ತಿಗೆ ನಷ್ಟ ಮಾಡಿದ್ದು, ಹೊಡೆದಾಟ, ನೈತಿಕ ಅಪರಾಧ ಇಂಥ ಕಾರಣಕ್ಕೆ ಕೆಲಸದಿಂದ ತೆಗೆದರೆ ಮಾತ್ರ. ಎಲ್ಲ ಕೂಡಿ ಕಳೆದರೆ ಕಂಪನಿಯೇ ನನಗೆ 10,431 ರೂಪಾಯಿ ಬಾಕಿ.

ಪಿಎಫ್ ಹಣಕ್ಕೆ ಆಗ ಕಂಪನಿಯವರ ಸಹಿ ಬೇಕಿತ್ತು. ಹೋಗಿ ಕೇಳುವ ಮುಖ ಇರಲಿಲ್ಲ, ಎಷ್ಟೋ ವರ್ಷ ಅದು ಅಲ್ಲೇ ಬಿದ್ದಿತ್ತು. ಈಗ ಹಾಗಿಲ್ಲ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಕೆಲಸ ಬಿಟ್ಟ ದಿನವನ್ನು ಸದಸ್ಯನೇ ಪೋರ್ಟಲಿನಲ್ಲಿ ದಾಖಲಿಸಬಹುದು.

ನೋಟಿಸ್ ಮುಗಿಸದಿದ್ದರೆ ಜೈಲಾಗುತ್ತದಾ, ಪಾಸ್‌ಪೋರ್ಟ್ ತಡೆಯುತ್ತಾರಾ ಎಂದು ಈಗಲೂ ನನ್ನ ಹತ್ತಿರ ಬಂದು ಕೇಳುವವರಿದ್ದಾರೆ. ಇದು ಸಿವಿಲ್ ವಿಷಯ. ಇಷ್ಟವಿಲ್ಲದವನನ್ನು ಕೆಲಸ ಮಾಡು ಎಂದು ಕೋರ್ಟು ಒತ್ತಾಯಿಸುವುದಿಲ್ಲ, ಪರಿಹಾರ ಕೊಡು ಎನ್ನಬಹುದು. ಹಾಗೆಂದು ಒಪ್ಪಂದ ಬರೀ ಕಾಗದ ಎಂದೂ ತಿಳಿಯಬೇಡಿ. ನಮ್ಮ ಮಂಗಳೂರಿನಲ್ಲೇ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೂರು ವರ್ಷ ಮುಗಿಸದೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಎಂಬ ಷರತ್ತು ಸರಿಯೇ ಎಂದಿತು. ಅಧಿಕಾರಿ ಬೇರೆ ಬ್ಯಾಂಕಿಗೆ ಹೋಗಿದ್ದರು, ಹಣ ಕಟ್ಟಿಯೇ ಹೋಗಿದ್ದರು, ಹೈಕೋರ್ಟಿನಲ್ಲಿ ಗೆದ್ದೂ ಇದ್ದರು. ಕೊನೆಗೆ ನಿಂತದ್ದು ಷರತ್ತೇ. ಹಾಗಾಗಿ ಸಹಿ ಹಾಕುವ ಮೊದಲು ಓದಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ಪ್ರತಿ ಕೊಡಿ, ಒರಿಜಿನಲ್ ತೋರಿಸಿ ವಾಪಸು ತನ್ನಿ. ಗಲ್ಫಿಗೆ ಹೋಗುವ ದಿನ ಸರ್ಟಿಫಿಕೇಟಿಗೆ ವಿದೇಶಾಂಗ ಇಲಾಖೆಯ ಮುದ್ರೆ, ರಾಯಭಾರ ಕಚೇರಿಯ ಮುದ್ರೆ ಬೇಕಾದಾಗ ಅದು ಬೇರೆಯವರ ಕಪಾಟಿನಲ್ಲಿದ್ದರೆ ಕಷ್ಟ.

ಅಲ್ಲಿಯ ಕಾನೂನು ಇನ್ನೂ ಬಿಗಿ. ಯುಎಇಯಲ್ಲಿ 2022ರ ಫೆಬ್ರವರಿ 2ರಿಂದ ಹೊಸ ಕಾರ್ಮಿಕ ಕಾನೂನು ಜಾರಿಯಲ್ಲಿದೆ. ನೋಟಿಸ್ 30 ದಿನಕ್ಕೆ ಕಡಿಮೆ ಇಲ್ಲ, 90 ದಿನಕ್ಕೆ ಹೆಚ್ಚಿಲ್ಲ. ಮಾಡದೆ ಹೋದರೆ ಉಳಿದ ದಿನದ ಸಂಬಳ ಕಟ್ಟಬೇಕು. ಕಾನೂನು ಮೀರಿ ಬಿಟ್ಟು ಹೋದವನಿಗೆ ಒಂದು ವರ್ಷ ಅಲ್ಲಿ ಬೇರೆ ವರ್ಕ್ ಪರ್ಮಿಟ್ ಕೊಡುವುದಿಲ್ಲ. ಆ ವರ್ಷವೇ ನಾನು ಅಲ್ಲಿಯ ಕೆಲಸ ಬಿಟ್ಟದ್ದು. 30 ದಿನದಲ್ಲಿ ಒಂದು ದಿನ ತಪ್ಪಿಸಲಿಲ್ಲ. ನನ್ನ ಜಾಗಕ್ಕೆ ಬಂದ ನೇಪಾಳದ ಹುಡುಗನಿಗೆ ಎಲ್ಲ ಪಾಸ್‌ವರ್ಡ್ ಒಂದು ಹಾಳೆಯಲ್ಲಿ ಬರೆದು, ಅವನಿಂದ ಸಹಿ ಹಾಕಿಸಿಕೊಂಡು, ಒಂದು ಪ್ರತಿ ಮ್ಯಾನೇಜರಿಗೆ ಕೊಟ್ಟೆ. ಇಷ್ಟೆಲ್ಲ ಯಾಕೆ ಎಂದು ಅವರು ಕೇಳಿದರು. ಏನು ಹೇಳಲಿ.

ಈಗ ಉಪ್ಪಳದಲ್ಲೇ ಸಣ್ಣ ಆಫೀಸು ಇಟ್ಟುಕೊಂಡಿದ್ದೇನೆ. ಜಿಎಸ್‌ಟಿ, ಆದಾಯ ತೆರಿಗೆ, ಪಿಎಫ್ ಕಾಗದಪತ್ರ. ಮೇಲೆ ಬರೆದ 10,431ರ ಲೆಕ್ಕವನ್ನು ಒಂದು ಸಂಜೆ ಆಫೀಸಿನಲ್ಲಿ ಕೂತು ಮಾಡಿ, ಮನೆಗೆ ಬಂದು ಉಮ್ಮನಿಗೆ ಓದಿ ಹೇಳಿದೆ. ಅಂದರೆ ನಾವು ಅವರಿಗೆ ಏನೂ ಕೊಡಬೇಕಾಗಿಲ್ಲ ಉಮ್ಮ, ಅವರೇ ನಮಗೆ ಕೊಡಬೇಕು. ಉಮ್ಮ ಪೂರ್ತಿ ಕೇಳಿದರು. "ಅದು ಕಂಪನಿದ್ದು. ನಾನು ಕೇಳಿದ್ದು ಆ ಹೆಂಗಸಿನ ವಿಷಯ" ಅಂದರು.

ಅಕ್ಕ ನಿವೃತ್ತಿಯಾಗಿದ್ದರು. ಹಳೇ ಆಫೀಸಿನ ಒಬ್ಬರಿಂದ ನಂಬರ್ ಸಿಕ್ಕಿತು. ಫೋನ್ ಮಾಡಿ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ನಂತರ, "ಜ್ವರ ಬಿಟ್ಟಿತಾ?" ಅಂದರು.

ಒಂದು ಭಾನುವಾರ ಉಮ್ಮನನ್ನು ಕರೆದುಕೊಂಡು ಹೋದೆ. ಉಮ್ಮ ಹಿಂದಿನ ರಾತ್ರಿಯೇ ಏನು ಹೇಳಬೇಕೆಂದು ಕನ್ನಡದಲ್ಲಿ ಸಿದ್ಧ ಮಾಡಿಕೊಂಡಿದ್ದರು. ಅಲ್ಲಿ ಹೋದ ಮೇಲೆ ಅಕ್ಕ ತುಳು ಮಾತಾಡಿದರು, ಉಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಸಂತೆಯಲ್ಲಿ, ಬೀಡಿ ಬ್ರಾಂಚಿನಲ್ಲಿ ಉಮ್ಮ ಆಯುಷ್ಯವಿಡೀ ತುಳು ಮಾತಾಡಿದವರೇ. ಚಹಾ ಬಂತು, ಚಕ್ಕುಲಿ ಬಂತು, ಮಂಡಿನೋವಿನ ಮಾತು ಬಂತು, ಸೊಸೆಯಂದಿರ ಮಾತು ಬಂತು. ನಾನು ಇದ್ದೇನೆ ಎಂಬುದೇ ಇಬ್ಬರಿಗೂ ಮರೆತ ಹಾಗಿತ್ತು. ಹಾಗೆ ಮಾತಾಡುತ್ತಾ ಉಮ್ಮ ಏಕಾಏಕಿ, ಆವತ್ತು ಫೋನಿನಲ್ಲಿ ನಾನು ನಿಮಗೆ ಸುಳ್ಳು ಹೇಳಿದೆ, ಇವನಿಗೆ ಜ್ವರ ಇರಲಿಲ್ಲ, ಮಕ್ಕಾಕ್ಕೆ ಹೋಗುತ್ತಿದ್ದೇನೆ, ನನಗೆ ಅದು ಬಿಟ್ಟುಕೊಡಬೇಕು ಅಂದರು. ಹೇಳಿ ಮುಗಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಅಕ್ಕ ಉಮ್ಮನಿಗೆ ಏನೂ ಹೇಳದೆ ನನ್ನ ಕಡೆ ತಿರುಗಿದರು. "ನಾನು ಅದನ್ನು ನಂಬಿದ್ದೆ ಮಾರಾಯ" ಅಂದರು. "ತಾಯಿ ಹೇಳಿದ್ರಲ್ಲ ಅಂತ ನಂಬಿದ್ದೆ. ಹಾಜರಿ ಪುಸ್ತಕದಲ್ಲಿ ನಿನಗೆ ಮೂರು ದಿನ ಸಿಕ್ ಲೀವ್ ಹಾಕಿದ್ದೆ. ಗುರು, ಶುಕ್ರ, ಶನಿ. ಸೋಮವಾರ ಯಾರೋ ಹೇಳಿದ್ರು, ಹುಡುಗ ದುಬೈಯಲ್ಲಿದ್ದಾನೆ ಅಂತ. ಸುಳ್ಳು ಹಾಜರಿ ಬರೆದದ್ದಕ್ಕೆ ಮೆಮೋ ಸಿಕ್ಕಿದ್ದು ನನಗೆ."

ಅದು ನನಗೆ ಗೊತ್ತಿರಲಿಲ್ಲ. ರಜೆ ತಪ್ಪಿದ್ದು ಮಾತ್ರ ಗೊತ್ತಿತ್ತು.

ಮಗಳ ಪರೀಕ್ಷೆಯ ಬಗ್ಗೆ ನಾನೇ ಕೇಳಿದೆ. ರಜೆ ರದ್ದಾಯಿತು, ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತಿದ್ದೆ, ಲೆಕ್ಕಶಾಸ್ತ್ರದ ಪರೀಕ್ಷೆಯ ದಿನ ಹುಡುಗಿ ಹಾಲಿನಲ್ಲಿ ತಲೆತಿರುಗಿ ಬಿದ್ದಳು ಅಂದರು. ಆ ವಿಷಯ ಪೂರಕ ಪರೀಕ್ಷೆಯಲ್ಲಿ ಕಟ್ಟಿ ಪಾಸು ಮಾಡಿದಳಂತೆ. ಈಗ ಬೆಂಗಳೂರಿನಲ್ಲಿದ್ದಾಳೆ, ಮದುವೆಯಾಗಿದೆ, ಕೆಲಸದಲ್ಲಿದ್ದಾಳೆ. "ನಿನ್ನಿಂದಲೇ ಬಿದ್ದಳು ಅಂತ ನಾನು ಹೇಳುವುದಿಲ್ಲ. ನಾನು ಮನೆಯಲ್ಲಿದ್ರೂ ಬೀಳ್ತಿದ್ದಳೋ ಏನೋ. ಆದರೆ ನಾನು ಮನೆಯಲ್ಲಿರಲಿಲ್ಲ."

ನಾನು ಬರೆದುಕೊಂಡು ಹೋದವನ ಹಾಗೆ ಕ್ಷಮೆ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಒಂದು ಮಾತು ನನ್ನ ಹತ್ತಿರ ಹೇಳಬಹುದಿತ್ತಲ್ಲ" ಅಂದರು. "ಮ್ಯಾನೇಜರಿಗೆ ಬೇಡ. ನನಗೆ. ಮಂಗಳವಾರ ರಾತ್ರಿ ಇಬ್ಬರೂ ಕೂತು ವ್ಯಾಟ್ ಮುಗಿಸಿ ಬಿಡ್ತಿದ್ದೆವು. ಹೋಗು ಅಂತ ನಾನೇ ಹೇಳ್ತಿದ್ದೆ. ರಂಝಾನ್‌ನಲ್ಲಿ ಹೇಳಲಿಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉಮ್ಮ ಚಕ್ಕುಲಿಯ ತಟ್ಟೆ ನೋಡುತ್ತಾ ಕೂತಿದ್ದರು.

ಸ್ವಲ್ಪ ಹೊತ್ತಿನ ನಂತರ ಅಕ್ಕನೇ ಕೇಳಿದರು. "ಆ ಪಾಸ್‌ವರ್ಡ್ ಎಂತ ಇತ್ತು ಮಾರಾಯ?"

ನೆನಪಿತ್ತು. ಉಪ್ಪಳ, ಅದರ ಮುಂದೆ 2007.

"ಅಷ್ಟೇನಾ? ನಿನ್ನ ಹುಟ್ಟಿದ ದಿನ ಹಾಕಿ ನೋಡಿದೆ, ಫೋನ್ ನಂಬರ್ ಹಾಕಿ ನೋಡಿದೆ, ನಿನ್ನ ತಂಗಿಯ ಹೆಸರು ಹಾಕಿ ನೋಡಿದೆ. ಕೊನೆಗೆ ತೆರಿಗೆ ಆಫೀಸಿಗೆ ಕಾಗದ ಹಿಡಿದು ಹೋಗಿ ಬಂದದ್ದು." ಹೇಳುತ್ತಾ ಹೇಳುತ್ತಾ ಅವರಿಗೆ ನಗು ಬಂತು. ನನಗೆ ಬರಲಿಲ್ಲ.

ಹೊರಡುವಾಗ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಫೈಲು ತಂದರು. ಅವರ ಪಿಎಫ್ ಪಿಂಚಣಿಯ ಕಾಗದ. ಹುಟ್ಟಿದ ತಾರೀಕು ಆಧಾರ್‌ನಲ್ಲಿ ಒಂದು, ಪಿಎಫ್ ದಾಖಲೆಯಲ್ಲಿ ಇನ್ನೊಂದು. ಅರ್ಜಿ ಎರಡು ಸಲ ವಾಪಸು ಬಂದಿದೆ. "ನೀನು ಈಗ ಇದೇ ಕೆಲಸ ಮಾಡುವುದಂತಲ್ಲ, ನೋಡು" ಅಂದರು. ಸಂಬಳ ಎಷ್ಟು ಎಂದು ಕೇಳಿದರು. ಬೇಡ ಅಂದೆ. ಹಾಗಾದರೆ ಫೈಲು ಕೊಡುವುದಿಲ್ಲ ಎಂದು ಹಿಡಿದುಕೊಂಡರು. ಕೊನೆಗೆ ಎಲ್ಲರಿಂದ ತೆಗೆದುಕೊಳ್ಳುವಷ್ಟೇ ತೆಗೆದುಕೊಳ್ಳುತ್ತೇನೆ ಎಂದು ಒಪ್ಪಿದ ಮೇಲೆ ಕೈಗೆ ಕೊಟ್ಟರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿ ಅದರಲ್ಲಿತ್ತು, ಅದು ಸಾಕು, ತಾರೀಕು ಸರಿಪಡಿಸಬಹುದು.

ತಲಪಾಡಿ ದಾಟುವವರೆಗೆ ಉಮ್ಮ ಮಾತಾಡಲಿಲ್ಲ. ದಾಟಿದ ಮೇಲೆ, "ಪೊರುತ್ತ ಕೊಟ್ಟೆ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ ಅಲ್ವಾ?" ಎಂದು ಕೇಳಿದರು.

ಇಲ್ಲ ಅಂದೆ.

"ನನಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ." ಮತ್ತೆ ಸ್ವಲ್ಪ ಹೊತ್ತು ಹೊರಗೆ ನೋಡಿದರು. ಮಂಜೇಶ್ವರದ ಹತ್ತಿರ ಬರುವಾಗ, ಮದೀನಾದಿಂದ ಖರ್ಜೂರ ತರುವಾಗ ಅವರ ಹೆಸರಿನಲ್ಲಿ ಎರಡು ಕಿಲೋ ಬೇರೆಯೇ ಕಟ್ಟಬೇಕು, ನಾವೇ ಹೋಗಿ ಕೊಡಬೇಕು, ಆಗ ಇನ್ನೊಮ್ಮೆ ಕೇಳಬಹುದು ಅಂದರು. ಮನೆಗೆ ಬಂದು ಪಟ್ಟಿ ತೆಗೆದೆ. ಉಳಿದ ಎಲ್ಲ ಹೆಸರಿನ ಎದುರು ಉಮ್ಮ ಗೀಟು ಹಾಕಿಸಿದರು. ಆ ಒಂದಕ್ಕೆ ಬೇಡ ಅಂದರು.